ಸಾಲ ಹೇಗಾಯಿತೆಂದು ಕೇಳಿದಾಗ

ದಿವಾಳಿ ಅರ್ಜಿ ಎಂದರೆ ಮಾನ ಹೋಯಿತೆಂದೇ ನಮ್ಮ ಕುಟುಂಬಗಳಲ್ಲಿ ಭಾವನೆ. ಹಾಗಾಗಿ ಸಾಲದ ಕಾರಣ ಹೇಳುವಾಗ ನಾವು ಅರ್ಧ ಮುಚ್ಚಿಡುತ್ತೇವೆ. ಸೊಲ್ಲಾಪುರ, ಅದೋನಿ ಕಡೆಯ ನಮ್ಮಂಥ ಸಾಮಾನ್ಯ ಸಾಲಗಾರರಿಗೆ ಇಂದಿಗೂ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯಿದೆ. 2016ರ ಹೊಸ ಸಂಹಿತೆ ನಮ್ಮ ಮಟ್ಟಿಗೆ ಇನ್ನೂ ಜಾರಿಯಾಗಿಲ್ಲ.

ಅರ್ಜಿಯಲ್ಲಿ ಸಾಲ, ಸಾಲ ಕೊಟ್ಟವರು, ಆಸ್ತಿ ಎಲ್ಲವನ್ನೂ ತೋರಿಸಬೇಕು. ಕಾರಣದ ಪ್ರಶ್ನೆ ಬಿಗಿಯಾಗಿ ಬರುವುದು ಋಣಮುಕ್ತಿ ಕೇಳುವಾಗ. ನಮ್ಮ ಆಸ್ತಿಯಿಂದ ರೂಪಾಯಿಗೆ ಎಂಟಾಣೆಯೂ ಹುಟ್ಟದಿದ್ದರೆ, ಅದು ಕೈಮೀರಿದ ಕಾರಣದಿಂದಲೇ ಎಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ಮಳೆ ಕೈಕೊಟ್ಟಿದ್ದು, ಮಗ್ಗ ನಿಂತಿದ್ದು, ಮನೆಯವರ ಕಾಯಿಲೆ, ಇವನ್ನು ತಾರೀಕು ಸಹಿತ ಬರೆದು ಆಸ್ಪತ್ರೆಯ ಬಿಲ್ಲು, ಲೆಕ್ಕದ ಪುಸ್ತಕ ಜೊತೆಗಿಡೋಣ. ಜೂಜು, ದುಂದುವೆಚ್ಚ, ತೀರಿಸುವ ದಾರಿ ಕಾಣದೆಯೂ ಮಾಡಿದ ಸಾಲ, ಇವು ಪೂರ್ಣ ಬಿಡುಗಡೆಗೆ ಅಡ್ಡಿ.

ಮಗಳ ಮದುವೆಗೆ ಊರಿಗೆಲ್ಲ ಊಟ ಹಾಕಿದ್ದು ದುಂದುವೆಚ್ಚವೇ? ನ್ಯಾಯಾಲಯ ಹಾಗೆಂದರೂ ಎನ್ನಬಹುದು. ಆದರೆ ಅದನ್ನು ‘ವ್ಯಾಪಾರದ ನಷ್ಟ’ ಎಂದು ತೋರಿಸಿದರೆ ಲೆಕ್ಕ ಕೂಡುವುದಿಲ್ಲ. ಆಸ್ತಿ ಕರಗಿದ್ದಕ್ಕೆ ಸರಿಯಾದ ವಿವರಣೆ ಕೊಡದಿರುವುದೂ ಕಾಯಿದೆಯಲ್ಲಿ ಪ್ರತ್ಯೇಕ ಅಡ್ಡಿಯೇ. ಮದುವೆ ಖರ್ಚನ್ನು ಮದುವೆ ಖರ್ಚೆಂದೇ ಬರೆಯೋಣ. ಪೂರ್ಣ ಬಿಡುಗಡೆ ಸಿಗದಿದ್ದರೂ ಷರತ್ತಿನ ಮೇಲೆ, ಇಲ್ಲವೆ ಕೆಲವು ಕಾಲ ತಡೆದು ಬಿಡುಗಡೆ ಕೊಡಲು ನ್ಯಾಯಾಲಯಕ್ಕೆ ಅಧಿಕಾರವಿದೆ.