ಗಂಟಿನಲ್ಲಿ ಏನಿದೆ, ಕಟ್ಟಿದವರು ಯಾರು?

"ಹತ್ತು ನಿಮಿಷದಾಗ ಕ್ಯಾರೆಕ್ಟರ್ ಮುಗಿಸ್ರಲೇ. ಸಾಮಾನಿಗೆಲ್ಲ ಟೈಮ್ ಹಾಳ್ ಮಾಡಬ್ಯಾಡ್ರಿ. ರೆಡಿ ಪ್ಯಾಕ್ ಐತಲ್ಲ, ಅದನ್ನ ಬರ್ಕೊಳ್ರಿ ಸಾಕು."

ಕಳೆದ ತಿಂಗಳು ನಮ್ಮ ವಿಭಾಗದ ಸಂಶೋಧಕರ ಕೊಠಡಿಯಲ್ಲಿ ಹೊಸ ಆಟ ಶುರು ಮಾಡಲು ಕೂತಾಗ ಗೆಳೆಯನೊಬ್ಬ ಹೇಳಿದ ಮಾತಿದು. ನಾವು ಐದು ಜನ. ಎಲ್ಲರೂ ಪಿಎಚ್‌ಡಿ ಮಾಡುತ್ತಿರುವವರು, ಫೆಲೋಶಿಪ್ ಯಾವಾಗ ಬರುತ್ತದೆ ಎಂದು ಕಾಯುತ್ತಿರುವವರು. ಶನಿವಾರ ಸಂಜೆ ಬಾಗಿಲು ಹಾಕಿಕೊಂಡು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಗೆಳೆಯನ ಮಾತಿಗೆ ನಾನು ಒಪ್ಪಲಿಲ್ಲ. ಜಗಳ ಒಂದೂವರೆ ಗಂಟೆ ನಡೆಯಿತು. ಅವತ್ತು ಸಿಟ್ಟಿನಲ್ಲಿ ಸರಿಯಾಗಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಬೋರ್ಡ್ ಇರಲೇಬೇಕೆಂದಿಲ್ಲ, ಗೆಲುವು ಸೋಲೂ ಮುಖ್ಯವಲ್ಲ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಅನುಮಾನ ಬಂದಲ್ಲಿ ದಾಳ ಉರುಳಿಸುತ್ತಾರೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಇದನ್ನು ಪ್ರಕಟಿಸಿದರು. ಆಗ ಹೊಸ ಪಾತ್ರ ಹುಟ್ಟಿದೊಡನೆ ಮೂರು ದಾಳ ಉರುಳಿಸಿ, ಬಂದದ್ದನ್ನು ಹತ್ತರಿಂದ ಗುಣಿಸಬೇಕಿತ್ತು. ಅಷ್ಟು ಚಿನ್ನದ ನಾಣ್ಯ ನಿಮ್ಮದು, ಅಂದರೆ 30ರಿಂದ 180. ಅದರಲ್ಲೇ ಕತ್ತಿ, ಹಗ್ಗ, ಪಂಜು, ಬುತ್ತಿ ಎಲ್ಲ ಕೊಳ್ಳಬೇಕು. 50 ಅಡಿ ಹಗ್ಗಕ್ಕೆ ಒಂದು ನಾಣ್ಯ. ಕತ್ತಲಲ್ಲಿ ನೆಲ ತಟ್ಟಿ ನೋಡಲು 10 ಅಡಿ ಕೋಲು, ಅದಕ್ಕೂ ಒಂದು ನಾಣ್ಯ. ಈಗ ಕೆಲಸ ಹಗುರವಾಗಿದೆ. ನಿಮ್ಮ ಪಾತ್ರದ ಕಸುಬಿಗೆ ತಕ್ಕ ಸಿದ್ಧ ಗಂಟು ಪುಸ್ತಕದಲ್ಲೇ ಇದೆ. ಹೆಸರು ಬರೆದುಕೊಂಡರೆ ಮುಗಿಯಿತು.

ಈ 'ಬರೆದುಕೊಂಡರೆ ಮುಗಿಯಿತು' ಎನ್ನುವುದರ ಮೇಲೆಯೇ ನನ್ನ ತಕರಾರು.

ನನ್ನ ಸಂಶೋಧನೆ ವೀರಗಲ್ಲುಗಳ ಮೇಲೆ. ಊರು ಉಚ್ಚಂಗಿದುರ್ಗದ ಮಗ್ಗುಲಲ್ಲಿ. ವೀರಗಲ್ಲು ನೋಡಿದವರಿಗೆ ಗೊತ್ತು, ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಹೋರಾಟ. ನಡುವೆ ಸತ್ತ ವೀರನನ್ನು ಅಪ್ಸರೆಯರು ಒಯ್ಯುತ್ತಿರುವುದು. ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕೂತಿರುವುದು. ಮೇಲಿನ ಎರಡು ಅಂತಸ್ತು ಕಲ್ಲಿನಿಂದ ಕಲ್ಲಿಗೆ ಹೆಚ್ಚೇನೂ ಬದಲಾಗುವುದಿಲ್ಲ. ಇವನು ಯಾರು, ಏನು ಮಾಡುತ್ತಿದ್ದ ಎಂದು ತಿಳಿಯಬೇಕಾದರೆ ಕೆಳಗಿನ ಅಂತಸ್ತನ್ನೇ ನೋಡಬೇಕು. ಕೈಯಲ್ಲಿ ಬಿಲ್ಲಿದೆಯೋ ಕತ್ತಿ ಗುರಾಣಿಯೋ, ಪಕ್ಕದಲ್ಲಿ ದನಗಳಿವೆಯೋ ಕುದುರೆಯೋ? ಶಾಸನದ ಅಕ್ಷರ ಸವೆದುಹೋಗಿದ್ದರೂ ಕೈಯಲ್ಲಿರುವ ವಸ್ತು ಮಾತಾಡುತ್ತದೆ. ನಮ್ಮ ಗೆಳೆಯ ಹೇಳಿದ್ದು ಆ ಕೆಳಗಿನ ಅಂತಸ್ತನ್ನು ಬಿಟ್ಟು ನೇರ ಸ್ವರ್ಗಕ್ಕೆ ಹೋಗೋಣ ಎಂದು.

ಅವನ ಮೊದಲ ವಾದ: ಸಾಮಾನಿನ ಲೆಕ್ಕ ಕಿರಾಣಿ ಅಂಗಡಿ ಚೀಟಿಯಿದ್ದಂತೆ, ಅದರಲ್ಲಿ ಕಥೆ ಇಲ್ಲ. ಹಾಗಾದರೆ ಆ ಚೀಟಿಯನ್ನೇ ಓದೋಣ. 2014ರ ಪುಸ್ತಕದ 'ಎಕ್ಸ್‌ಪ್ಲೋರರ್ಸ್ ಪ್ಯಾಕ್'ನಲ್ಲಿ ಬೆನ್ನಚೀಲ, ಹಾಸಿಗೆ, ಊಟದ ಪಾತ್ರೆ, ಬೆಂಕಿ ಹೊತ್ತಿಸುವ ಸಾಮಾನು, 10 ಪಂಜು, 10 ದಿನದ ಬುತ್ತಿ, ನೀರಿನ ಚೀಲ, 50 ಅಡಿ ಹಗ್ಗ ಇವೆ. ಅದೇ ಪುಸ್ತಕದ ತೂಕ ಕೂಡಿಸಿದರೆ 59 ಪೌಂಡ್, ಸುಮಾರು 27 ಕೆಜಿ. ಬುತ್ತಿಯೊಂದೇ 9 ಕೆಜಿ. ಮೈಮೇಲೆ ಸರಪಳಿ ಕವಚ ಬೇಕೆಂದರೆ ಇನ್ನೊಂದು 25 ಕೆಜಿ. ಕತ್ತಿ ಹಿಡಿಯುವ ಮೊದಲೇ ನಮ್ಮ ವೀರ ಒಂದು ಜೋಳದ ಚೀಲ ಹೊತ್ತಂತಾಯಿತು. ನಿಯಮ ಇದಕ್ಕೆ ಒಪ್ಪುತ್ತದೆ. ಸಾಧಾರಣ ಬಲದವನೂ 68 ಕೆಜಿ ಹೊರಬಹುದು ಎನ್ನುತ್ತದೆ. ಒಪ್ಪುವವರು ಒಂದು ಚೀಲ ಜೋಳ ಹೆಗಲಿಗೇರಿಸಿಕೊಂಡು ಉಚ್ಚಂಗಿ ಕೋಟೆಯ ಮೆಟ್ಟಿಲು ಹತ್ತಿ ಬರಲಿ, ಆಮೇಲೆ ಮಾತಾಡೋಣ. ಹೊಯ್ಸಳರ ವೀರಬಲ್ಲಾಳ ಈ ಕೋಟೆಯನ್ನು ಪಾಂಡ್ಯರಿಂದ ಗೆದ್ದು 'ಗಿರಿದುರ್ಗಮಲ್ಲ' ಎನಿಸಿಕೊಂಡ. ಬಿರುದು ಅರಸನಿಗೆ ಬಂತು. ಬುತ್ತಿ ಹೊತ್ತು ಅವನ ಹಿಂದೆ ಗುಡ್ಡ ಹತ್ತಿದವರಿಗೆ ಬಿರುದಿಲ್ಲ.

ತೂಕ ಲೆಕ್ಕ ಹಾಕಿದರೆ ಆಯ್ಕೆ ಹುಟ್ಟುತ್ತದೆ. ಹಗ್ಗ ಬಿಡಲೋ ಹಾಸಿಗೆ ಬಿಡಲೋ? ಹಾಸಿಗೆ ಬಿಟ್ಟರೆ ರಾತ್ರಿ ಏನು ಹೊದೆಯಲಿ? ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಗುಳೆ ಹೊರಡುವ ಕುಟುಂಬಗಳನ್ನು ನೋಡಿ. ಹರಪನಹಳ್ಳಿ, ಕೂಡ್ಲಿಗಿಯ ತಾಂಡಾ, ಹಳ್ಳಿಗಳಿಂದ ಬೆಂಗಳೂರಿಗೋ ಕಾಫಿ ಸೀಮೆಗೋ ಹೋಗುವವರು ಹಿಟ್ಟು ಎಷ್ಟು, ಪಾತ್ರೆ ಎಷ್ಟು, ಕೌದಿ ಎಷ್ಟು ಎಂದು ರಾತ್ರಿಯೆಲ್ಲ ಕೂತು ಗಂಟು ಕಟ್ಟುತ್ತಾರೆ. ಏನನ್ನು ಬಿಟ್ಟು ಹೋಗುವುದು, ಯಾರ ಮನೆಯಲ್ಲಿ ಇಟ್ಟು ಹೋಗುವುದು ಎಂಬ ಮಾತಿನಲ್ಲೇ ಆ ಮನೆಯ ಕಥೆಯೆಲ್ಲ ಇರುತ್ತದೆ. ಇದನ್ನು ಕಿರಾಣಿ ಚೀಟಿ ಎನ್ನುವವರು ಗಂಟು ಕಟ್ಟಿದವರಲ್ಲ, ಕಟ್ಟಿಸಿಕೊಂಡವರು.

ಎರಡನೆಯ ವಾದ: "ಫ್ಯಾಂಟಸಿ ಅಂದಮ್ಯಾಲೆ ಅದರ ಸಾಮಾನು ಅದರದ್ದೇ ಇರ್ಲಿ. ನಿನ್ನ ರೊಟ್ಟಿ, ಕಂಬಳಿ ಯಾಕ ತುರುಕ್ತೀ?" ಪಟ್ಟಿಯಲ್ಲಿರುವುದೂ ಒಂದು ಸೀಮೆಯ ರೊಟ್ಟಿ, ಕಂಬಳಿಯೇ. ಯುರೋಪಿನ ಮಧ್ಯಯುಗದ ಸಂತೆಯಿಂದ ಬಂದದ್ದರಿಂದ ನಮಗೆ ಅದು ಮಾಯಾಲೋಕದಂತೆ ಕಾಣುತ್ತದೆ, ಅಷ್ಟೆ. ನಮ್ಮ ಪಕ್ಕದ ದುರ್ಗದ ಕಥೆ ತೆಗೆದುಕೊಳ್ಳಿ. ಹೈದರಾಲಿಯ ಸೈನಿಕರು ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ನುಸುಳುವಾಗ ಓಬವ್ವನ ಕೈಗೆ ಸಿಕ್ಕಿದ್ದು ಒನಕೆ. ಈ ಆಟದ ಪುಸ್ತಕದ ಆಯುಧಗಳ ಪಟ್ಟಿಯಲ್ಲಿ ಗದೆ, ಈಟಿ, ಕೊಡಲಿ ಎಲ್ಲ ಇವೆ, ಒನಕೆ ಇಲ್ಲ. ರೆಡಿ ಪ್ಯಾಕ್ ಬರೆದುಕೊಂಡ ಓಬವ್ವ ಕಿಂಡಿಯ ಮುಂದೆ ನಿಂತು 10 ಪಂಜು, 50 ಅಡಿ ಹಗ್ಗ ಎಣಿಸುತ್ತಿದ್ದಳು. ದಿನಾ ಕುಟ್ಟಿ ಕುಟ್ಟಿ ಪಳಗಿದ ತೋಳಿಗೆ ಒನಕೆಯ ತೂಕ ಗೊತ್ತಿತ್ತು. ಹೊಸ ಪಾತ್ರಕ್ಕೆ ಆಯುಧ ಆರಿಸುವಾಗ ನಾನು ಮೊದಲು ಕೇಳುವುದು ಇದನ್ನೇ: ನಿನ್ನೆಯವರೆಗೆ ಇವಳು ಏನು ಕೆಲಸ ಮಾಡುತ್ತಿದ್ದಳು?

ಇನ್ನೊಂದು ಉದಾಹರಣೆ ಹಡಗಲಿ ತಾಲೂಕಿನ ಮೈಲಾರದ್ದು. ಅಲ್ಲಿನ ಗೊರವಯ್ಯನನ್ನು ನೋಡಿ. ಕರಿ ಕಂಬಳಿ, ಡಮರುಗ, ಕೊಳಲು, ಭಂಡಾರದ ಚೀಲ, ಉಣ್ಣಲು ದೋಣಿ. ಒಂದೊಂದಕ್ಕೂ ಒಂದು ಕೆಲಸ, ಒಂದು ನಿಯಮ. ಕಂಬಳಿ ಕುರುಬರ ಮಗ್ಗದಿಂದ ಬಂದದ್ದು, ಭಂಡಾರ ದೇವರದ್ದು, ದೋಣಿ ಭಿಕ್ಷೆ ಹಾಕುವ ಊರಿನೊಂದಿಗೆ ಅವನನ್ನು ಕಟ್ಟಿಹಾಕುವಂಥದ್ದು. ಐದು ವಸ್ತು ಹೇಳಿದರೆ ಕುಲ, ದೇವರು, ಹೊಟ್ಟೆಪಾಡು ಮೂರೂ ಬಂದುಬಿಟ್ಟವು. ಯಾವ ಪ್ಯಾಕ್ ಇಷ್ಟು ಹೇಳುತ್ತದೆ?

ಮೂರನೆಯ ವಾದಕ್ಕೆ ನನಗೆ ನಿಜವಾಗಿ ಸಿಟ್ಟು ಬಂದದ್ದು. "ಎಲ್ಲಾರಿಗೂ ಒಂದೇ ಸಮ ಕೊಟ್ರೆ ನ್ಯಾಯ ಅಲ್ವಾ?" 2014ರ ಪುಸ್ತಕದಲ್ಲಿ ಪಾತ್ರದ ಹಿನ್ನೆಲೆಗೆ ತಕ್ಕಂತೆ ಹಣ ಬೇರೆಬೇರೆ ಇತ್ತು. ಸನ್ಯಾಸಿಗೆ 5 ಚಿನ್ನ, ಶ್ರೀಮಂತನಿಗೆ 25. 2024ರ ಹೊಸ ಪುಸ್ತಕದಲ್ಲಿ ಯಾವ ಹಿನ್ನೆಲೆಯವರಾದರೂ ಸಾಮಾನು ಬೇಡವೆಂದರೆ 50 ಚಿನ್ನ ತೆಗೆದುಕೊಳ್ಳಬಹುದು. ಆಟ ಸಲೀಸಾಗಲಿ ಎಂದು ಮಾಡಿದ್ದು, ಅರ್ಥವಾಗುತ್ತದೆ. ಆದರೆ ಸನ್ಯಾಸಿಯೂ ಶ್ರೀಮಂತನೂ ಒಂದೇ ಗೆರೆಯಿಂದ ಓಟ ಶುರು ಮಾಡುತ್ತಾರೆ ಎನ್ನುವ ಕಥೆಯನ್ನು ನಾನು ಬೇರೆ ಕಡೆಯೂ ಕೇಳಿದ್ದೇನೆ.

ಬಿಎ ಓದಲು ನಾನು ಊರು ಬಿಟ್ಟಾಗ ನನ್ನ ಸಾಮಾನು ಇಷ್ಟು: ಅಣ್ಣನ ಹಳೆಯ ತಗಡಿನ ಟ್ರಂಕು, ಎರಡು ಜೊತೆ ಬಟ್ಟೆ, ಒಂದು ಕೌದಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಕಟಕ ರೊಟ್ಟಿ, ಶೇಂಗಾ ಚಟ್ನಿ ಪುಡಿ. ಜೊತೆಗೆ ಅವ್ವನ ಕಿವಿಯೋಲೆ ಗಿರವಿ ಇಟ್ಟು ತಂದ ಫೀಸಿನ ದುಡ್ಡು. "ರೊಟ್ಟಿ ಒಬ್ಬನ ಮುಂದೂ ಬಿಚ್ಚಾಕ ನಾಚಬ್ಯಾಡ" ಎಂದು ಅವ್ವ ಹೇಳಿ ಕಳಿಸಿದ್ದಳು. ಮೊದಲ ದಿನ ತರಗತಿಯಲ್ಲಿ ಮೇಷ್ಟ್ರು ಒಬ್ಬರು, "ಇಲ್ಲಿ ಎಲ್ಲರೂ ಸಮಾನರು, ಎಲ್ಲರದೂ ಇವತ್ತಿಂದಲೇ ಶುರು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದು. ಆದರೆ ನನ್ನ ಪಕ್ಕ ಕೂತವನ ಗಂಟಿನಲ್ಲಿ ಸಾಲ ಇರಲಿಲ್ಲ, ನನ್ನದರಲ್ಲಿ ಇತ್ತು. ಓಲೆ ಬಿಡಿಸಿಕೊಂಡು ಬಂದದ್ದು ನಾಲ್ಕು ವರ್ಷದ ಮೇಲೆ. ಆ ನಾಲ್ಕು ವರ್ಷ ನಾನು ಯಾವ ಕೋರ್ಸು ತೆಗೆದುಕೊಂಡೆ, ಯಾವ ಪ್ರವಾಸ ಬಿಟ್ಟೆ, ಯಾವ ಕೆಲಸಕ್ಕೆ ಹೂಂ ಅಂದೆ ಎಲ್ಲವನ್ನೂ ಆ ಓಲೆ ತೀರ್ಮಾನಿಸಿತು. ಕ್ಯಾರೆಕ್ಟರ್ ಶೀಟಿನಲ್ಲಿ ಸಾಲಕ್ಕೆ ಒಂದು ಸಾಲೂ ಇಲ್ಲ.

ಇಷ್ಟಾಗುವಾಗ ಕೂಡ್ಲಿಗಿ ಕಡೆಯ ಗೆಳತಿ ತನ್ನ ಹಾಳೆ ಮುಂದಿಟ್ಟಳು. ನನ್ನ ಮಾತು ಕೇಳಿಯೇ ಅವಳು ಜೋಗತಿಯ ಪಾತ್ರ ಮಾಡಿದ್ದಳು. ಸಾಮಾನು: ಪಡಲಗಿ, ಚೌಡಿಕೆ, ಕೊಡ, ಮುತ್ತು. ಮುತ್ತಿನ ಮುಂದೆ, ದೇವಿಯ ರಕ್ಷಣೆ, ಪ್ಲಸ್ ಒಂದು. ನಾನು ಬೇಡ ಅಂದೆ. ಅವಳು ನಕ್ಕಳು: "ಇಷ್ಟೊತ್ತು ನಮ್ಮ ಸಾಮಾನು, ನಮ್ಮ ಸಾಮಾನು ಅಂದಿ. ಈಗ ಯಾಕ ಹಿಂದ ಸರಿತೀ?"

ಪ್ರಶ್ನೆ ಸರಿಯಾಗಿತ್ತು. ಉಚ್ಚಂಗಿ ಎಲ್ಲಮ್ಮನ ಗುಡ್ಡಕ್ಕೆ ಭರತ ಹುಣ್ಣಿಮೆಗೆ ಜನ ಸೇರುತ್ತಾರೆ. ಕೆಂಪು ಬಿಳಿ ಮಣಿಯ ಆ ಸರವನ್ನು ಹೆಣ್ಣುಮಕ್ಕಳ ಕೊರಳಿಗೆ ಕಟ್ಟುವುದನ್ನು ನಿಷೇಧಿಸುವ ಕಾನೂನು ಬಂದದ್ದು 1982ರಲ್ಲಿ. ಇವತ್ತಿಗೂ ಆ ಹುಣ್ಣಿಮೆಗೆ ಪೊಲೀಸರು, ಅಧಿಕಾರಿಗಳು ಗುಡ್ಡದಲ್ಲಿ ಕಣ್ಣಿಟ್ಟು ನಿಲ್ಲಬೇಕಾಗಿದೆ. ಮುತ್ತನ್ನು ಯಾವ ಹುಡುಗಿಯೂ ಪಟ್ಟಿ ನೋಡಿ ಆರಿಸಿಕೊಂಡದ್ದಲ್ಲ. ಬಡತನ, ಜಾತಿ, ಹರಕೆ ಮೂರೂ ಸೇರಿ ಆರಿಸಿ ಅವಳಿಗೆ ಕಟ್ಟಿದ್ದು. ಅದಕ್ಕೆ ಪ್ಲಸ್ ಒಂದು ಬರೆದರೆ ಕಟ್ಟಿದವರ ಮಾತನ್ನೇ ನಾವು ಆಟದಲ್ಲಿ ಹೇಳಿದಂತೆ.

"ಹಂಗಾರ ಮಂಜಮ್ಮ?" ಎಂದಳು ಅವಳು. ಮಂಜಮ್ಮ ಜೋಗತಿಯವರಿಗೆ ಹುಲಿಗಿಯಲ್ಲಿ ದೀಕ್ಷೆಯಾಯಿತು. ಉಡಿದಾರ ಹೋಯಿತು, ಸೀರೆ, ಬಳೆ, ಮುತ್ತು ಬಂತು. ಆಮೇಲೆ ಅವರು ಮರಿಯಮ್ಮನಹಳ್ಳಿಯಲ್ಲಿದ್ದು, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿ ನೃತ್ಯವನ್ನು ನಾಡಿನ ವೇದಿಕೆಗಳಿಗೆ ತಂದರು. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರ ಆತ್ಮಕಥನ 'ನಡುವೆ ಸುಳಿವ ಹೆಣ್ಣು' ನಮ್ಮ ಸೀಮೆಯ ಅರುಣ್ ಜೋಳದಕೂಡ್ಲಿಗಿ ಅವರ ನಿರೂಪಣೆಯಲ್ಲಿ ಬಂದಿದೆ. ಭಿಕ್ಷೆಗೆಂದು ಕೈಗೆ ಬಂದ ಸಾಮಾನಿನಲ್ಲೇ ಅವರು ಬೇರೆ ಬದುಕು ಕಟ್ಟಿಕೊಂಡರು. ನಿಜ. ಆದರೆ ಆ ಗೆಲುವು ಅವರದ್ದು, ಕೊಡದ್ದೂ ಅಲ್ಲ, ಮುತ್ತಿನದ್ದೂ ಅಲ್ಲ. ಸಾಮಾನಿನ ಪಟ್ಟಿಯಲ್ಲಿ ಆ ಅಂಕ ಬರೆಯಬಾರದು.

ಗೆಳತಿ ಮುತ್ತನ್ನು ಹೊಡೆದುಹಾಕಲಿಲ್ಲ, ಪ್ಲಸ್ ಒಂದನ್ನು ಹೊಡೆದುಹಾಕಿದಳು. ಅದರ ಜಾಗದಲ್ಲಿ ಬರೆದಳು: 'ಕಟ್ಟಿದವರು: ಸೋದರಮಾವ. ವಯಸ್ಸು: 11.' ಯಾರೂ ಮಾತಾಡಲಿಲ್ಲ. ನನ್ನ ವಾದವನ್ನು ನನಗಿಂತ ಚೆನ್ನಾಗಿ ಅವಳೇ ಹೇಳಿದ್ದಳು.

ವಿಚಿತ್ರವೆಂದರೆ ಆಟದ ಪುಸ್ತಕಕ್ಕೂ ಇದು ಒಂದು ಕಡೆ ಹೊಳೆದಿತ್ತು. 2014ರ ಪಟ್ಟಿಯಲ್ಲಿ ದೇವಸ್ಥಾನದಲ್ಲಿ ಬೆಳೆದ ಪಾತ್ರಕ್ಕೆ ಕೊಡುವ ದೇವರ ಗುರುತಿನ ಮುಂದೆ, ನೀನು ಪೂಜಾರಿಕೆಗೆ ಸೇರಿದಾಗ ನಿನಗೆ ಕೊಟ್ಟ ಕಾಣಿಕೆ ಇದು ಎಂಬ ಅರ್ಥದ ಟಿಪ್ಪಣಿ ಇದೆ. ಕೊಟ್ಟದ್ದು ಎಂದಮೇಲೆ ಕೊಟ್ಟವರೊಬ್ಬರು ಇರುತ್ತಾರೆ. ಅಷ್ಟು ಸಣ್ಣ ಟಿಪ್ಪಣಿಯಿಂದ ಒಂದು ಗುರು, ಒಂದು ಋಣ, ಒಂದು ದಿನ ಹುಟ್ಟಿಕೊಳ್ಳುತ್ತವೆ. ಪ್ರತಿ ವಸ್ತುವಿಗೂ ಅಂಥ ಒಂದು ಮಾತು ಸೇರಿಸಿ ಎಂದಷ್ಟೇ ನಾನು ಕೇಳುವುದು. ನಮ್ಮ ಗುಂಪಿನಲ್ಲಿ ಈಗ ಹಾಳೆಯ ಮೇಲೆ ಮೂರು ಕಲಂ ಎಳೆಯುತ್ತೇವೆ: ಎಷ್ಟು ಭಾರ, ಯಾರು ಕೊಟ್ಟದ್ದು, ಇದು ಬಂದದ್ದರಿಂದ ಯಾರಿಗೆ ಇಲ್ಲವಾಯಿತು. ಏಳು ವಸ್ತುವಿಗಿಂತ ಹೆಚ್ಚು ಇಲ್ಲ. ಸಾಲ ಇದ್ದರೆ ಅದೂ ಒಂದು ವಸ್ತು. ಕಥೆ ಬರೆಯುವ ವಿದ್ಯಾರ್ಥಿಗಳು ಇದನ್ನು ಆಟವಿಲ್ಲದೆಯೂ ಮಾಡಿ ನೋಡಬಹುದು.

ಅವತ್ತು ರೆಡಿ ಪ್ಯಾಕ್ ಅಂದ ಗೆಳೆಯ ಕೊನೆಗೆ ಬೇಸರದಿಂದಲೇ ಪೆನ್ನು ತೆಗೆದುಕೊಂಡ. 'ಕಂಬಳಿ' ಎಂದು ಬರೆದ. ಯಾರು ಕೊಟ್ಟದ್ದು ಎಂಬಲ್ಲಿ 'ಅಪ್ಪ' ಎಂದು ಬರೆದ. ಮೂರನೆಯ ಕಲಮಿಗೆ ಬಂದಾಗ ಪೆನ್ನು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, ಕಥೆ ನಡೆಸುವವನ ಕಡೆ ತಿರುಗಿ ಕೇಳಿದ:

"ನಮ್ಮ ಊರಾಗ ಈಗ ಚಳಿ ಐತೇನು?"