ಹತ್ತು ದಿನಗಳ ಅಣ್ಣಂದಿರು

ಕಾಂಬೋಡಿಯದ ಸಿಯೆಮ್ ರೀಪ್ ಪಟ್ಟಣಕ್ಕೆ ಜನರು ಹೋಗುವುದು ಅಂಗ್ಕೋರ್ ವಾಟ್ ದೇವಾಲಯವನ್ನು ನೋಡಲು. ಆದರೆ ಈ ಶತಮಾನದ ಮೊದಲ ದಶಕದಲ್ಲಿ ಅಲ್ಲಿಗೆ ಹೋದ ವಿದೇಶಿ ಪ್ರವಾಸಿಗರ ದಿನಚರಿಯಲ್ಲಿ ಇನ್ನೊಂದು ತಾಣವೂ ಸೇರಿಕೊಂಡಿತು. ಅದು ಅನಾಥಾಲಯ. ಬೆಳಿಗ್ಗೆ ದೇವಾಲಯ, ಮಧ್ಯಾಹ್ನ ಅನಾಥಾಲಯ, ಸಂಜೆ ಅದೇ ಮಕ್ಕಳ ನೃತ್ಯ ಪ್ರದರ್ಶನ. ಕೆಲವರು ಒಂದು ಗಂಟೆ ಕುಳಿತು, ಒಂದಿಷ್ಟು ಡಾಲರುಗಳನ್ನು ಪೆಟ್ಟಿಗೆಗೆ ಹಾಕಿ ಎದ್ದು ಬಂದರು. ಇನ್ನು ಕೆಲವರು ಹತ್ತು ದಿನ, ಹದಿನೈದು ದಿನ ಅಲ್ಲೇ ಉಳಿದರು. ಇಂಗ್ಲಿಷ್ ಅಕ್ಷರಮಾಲೆ ಕಲಿಸಿದರು, ಗೋಡೆಗೆ ಬಣ್ಣ ಬಳಿದರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿಕೊಂಡರು, ಕೊನೆಯ ದಿನ ಕಣ್ಣೀರು ಒರೆಸಿಕೊಳ್ಳುತ್ತಾ ವಿಮಾನ ಹತ್ತಿದರು. ಅವರು ಬಿಟ್ಟುಹೋದ ಗೋಡೆಗೆ ಮುಂದಿನ ತಂಡ ಮತ್ತೊಮ್ಮೆ ಬಣ್ಣ ಬಳಿಯಿತು.

ಇವರೆಲ್ಲ ಕೆಟ್ಟ ಉದ್ದೇಶದಿಂದ ಹೋದವರೆಂದು ನಾವು ಹೇಳುತ್ತಿಲ್ಲ. ರಜೆಯನ್ನು ಕಡಲ ಕಿನಾರೆಯಲ್ಲಿ ಕಳೆಯುವ ಬದಲು ಬಡ ಮಕ್ಕಳ ಜೊತೆ ಕಳೆಯಬೇಕೆಂದು ಇಪ್ಪತ್ತರ ಹರೆಯದ ಒಬ್ಬ ಯುವಕನಿಗೆ ಅನ್ನಿಸುವುದು ಸಣ್ಣ ಸಂಗತಿಯೇನಲ್ಲ. ಆದರೆ ಅವನ ಆ ಒಳ್ಳೆಯತನವೇ ಒಂದು ಮಾರುಕಟ್ಟೆಯ ಕಚ್ಚಾ ಸಾಮಗ್ರಿಯಾಗಿಬಿಟ್ಟರೆ? ಆಗಿದ್ದು ಅದೇ.

ಕಾಂಬೋಡಿಯದಲ್ಲಿ ಅನಾಥರೇ ಇರಲಿಲ್ಲವೆಂದಲ್ಲ. 1975ರಿಂದ 1979ರವರೆಗೆ ಖಮೇರ್ ರೂಜ್ ಆಡಳಿತ ನಡೆಸಿದ ನರಮೇಧದಲ್ಲಿ ಹದಿನೈದು ಲಕ್ಷಕ್ಕೂ ಹೆಚ್ಚು ಜನರು ಸತ್ತರು. ಅಲ್ಲಿನ ಚಾಮ್ ಮುಸ್ಲಿಮರ ಹಳ್ಳಿಗಳಂತೂ ಬರಿದಾದವು. ಆ ದಿನಗಳಲ್ಲಿ ಅನಾಥಾಲಯಗಳು ಬೇಕಾಗಿದ್ದವು. ಆದರೆ ನರಮೇಧ ಕೊನೆಗೊಂಡು ಕಾಲು ಶತಮಾನ ಕಳೆದ ಬಳಿಕ, 2005ರಲ್ಲಿ 154 ಇದ್ದ ಅನಾಥಾಲಯಗಳು 2010ರ ವೇಳೆಗೆ 269 ಆದುದೇಕೆ? ಐದೇ ವರ್ಷಗಳಲ್ಲಿ ನೂರಕ್ಕೆ 75ರಷ್ಟು ಹೆಚ್ಚಳ! ಆಗ ಅಲ್ಲಿ ಯುದ್ಧವಿರಲಿಲ್ಲ, ದೇಶದ ಆದಾಯ ಏರುತ್ತಿತ್ತು. ಆ 269ರಲ್ಲಿ ಸರಕಾರ ನಡೆಸುತ್ತಿದ್ದವು 21 ಮಾತ್ರ. 2011ರಲ್ಲಿ ಯುನಿಸೆಫ್ ಮುಂದಿಟ್ಟ ಈ ಅಂಕಿಗಳಿಗಿಂತಲೂ ಬೆಚ್ಚಿಬೀಳಿಸಿದ್ದು ಇನ್ನೊಂದು ಸತ್ಯ. ಆ 'ಅನಾಥ'ರಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದರು.

ಅಂದರೆ ಅನಾಥರು ಹೆಚ್ಚಿದ್ದರಿಂದ ಅನಾಥಾಲಯಗಳು ಹೆಚ್ಚಲಿಲ್ಲ. ಅನಾಥರನ್ನು ನೋಡಲು ಬರುವವರು ಹೆಚ್ಚಿದ್ದರಿಂದ ಹೆಚ್ಚಿದವು. ನೋಡಲು ಬರುವವರಿಗೆ ತೋರಿಸಲು ಮಕ್ಕಳು ಬೇಕಿತ್ತು. ಹಳ್ಳಿಯ ಬಡ ತಾಯಿಯ ಬಳಿಗೆ ದಲ್ಲಾಳಿ ಹೋದ, ನಿನ್ನ ಮಗನಿಗೆ ಮೂರು ಹೊತ್ತು ಊಟ ಸಿಗುತ್ತದೆ, ಇಂಗ್ಲಿಷ್ ಕಲಿಯುತ್ತಾನೆ ಎಂದ. ಯಾವ ತಾಯಿ ಬೇಡ ಅನ್ನುತ್ತಾಳೆ? ಮಗು ಕೊಬ್ಬಿದರೆ ದಾನಿಯ ಮನಸ್ಸು ಕರಗುವುದಿಲ್ಲವೆಂದು ಮಕ್ಕಳನ್ನು ಬೇಕೆಂದೇ ಹರಕು ಬಟ್ಟೆಯಲ್ಲಿ, ಅರೆಹೊಟ್ಟೆಯಲ್ಲಿ ಇಟ್ಟ ಸಂಸ್ಥೆಗಳೂ ಪತ್ತೆಯಾದವು.

ನೇಪಾಳದ ಕಥೆ ಇನ್ನೂ ಹತ್ತಿರದ್ದು. 1996ರಿಂದ 2006ರವರೆಗೆ ಅಲ್ಲಿ ಮಾವೋವಾದಿಗಳ ಮತ್ತು ಸರಕಾರದ ನಡುವೆ ಅಂತರ್ಯುದ್ಧ ನಡೆಯಿತು. ಹುಮ್ಲಾದಂತಹ ದೂರದ ಬೆಟ್ಟದ ಜಿಲ್ಲೆಗಳಲ್ಲಿ ಮಕ್ಕಳನ್ನು ಬಂಡುಕೋರರು ಎಳೆದೊಯ್ಯುತ್ತಾರೆಂಬ ಭೀತಿ. ಆ ಭೀತಿಯನ್ನೇ ಬಂಡವಾಳ ಮಾಡಿಕೊಂಡ ದಲ್ಲಾಳಿಗಳು, ನಗರದ ವಸತಿ ಶಾಲೆಗೆ ಸೇರಿಸುತ್ತೇವೆಂದು ಹೇಳಿ ಹೆತ್ತವರಿಂದಲೇ ಹಣ ಪಡೆದು ಮಕ್ಕಳನ್ನು ಕರೆದೊಯ್ದರು. ಕಾಠ್ಮಂಡುವಿಗೆ ತಲುಪಿದ ಮೇಲೆ ಆ ಮಕ್ಕಳು ಅನಾಥರಾದರು. 2004ರಲ್ಲಿ ಅಂತಹ ಒಂದು ಮನೆಗೆ ಸ್ವಯಂಸೇವಕನಾಗಿ ಬಂದ ಅಮೆರಿಕದ ಕಾನರ್ ಗ್ರೆನನ್ ಎಂಬ ಯುವಕ, ತಾನು ಆಟವಾಡಿಸುತ್ತಿದ್ದ ಮಕ್ಕಳು ಅನಾಥರೇ ಅಲ್ಲವೆಂದು ತಿಳಿದು ದಂಗಾದ. ಅವನು ಮಾಡಿದ ಕೆಲಸ ಮೆಚ್ಚತಕ್ಕದ್ದು. ಮಕ್ಕಳ ಫೋಟೋಗಳನ್ನು ಹಿಡಿದು ಹುಮ್ಲಾದ ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ಹತ್ತಿ, ಒಂದೊಂದೇ ಮನೆಯ ಬಾಗಿಲು ತಟ್ಟಿ ಅವರ ತಾಯಿ ತಂದೆಯರನ್ನು ಹುಡುಕಿದ. 2006ರಲ್ಲಿ ನೆಕ್ಸ್ಟ್ ಜನರೇಷನ್ ನೇಪಾಳ್ ಎಂಬ ಸಂಸ್ಥೆಯನ್ನು ಕಟ್ಟಿದ. ಈ ಸಂಸ್ಥೆ ಬಳಿಕ ಬಯಲಿಗೆ ತಂದ ಒಂದು ಸಂಗತಿಯನ್ನು ಓದುಗರು ಗಮನಿಸಬೇಕು. ಅಂದು ನೇಪಾಳದಲ್ಲಿ 75 ಜಿಲ್ಲೆಗಳಿದ್ದವು. ನೋಂದಾಯಿತ ಮಕ್ಕಳ ಮನೆಗಳಲ್ಲಿ ನೂರಕ್ಕೆ ಸುಮಾರು 90ರಷ್ಟು ಇದ್ದದ್ದು ಕೇವಲ ಐದು ಜಿಲ್ಲೆಗಳಲ್ಲಿ. ಅವು ಬಡ ಜಿಲ್ಲೆಗಳಲ್ಲ, ಪ್ರವಾಸಿಗರು ಬರುವ ಜಿಲ್ಲೆಗಳು! 2015ರ ಎಪ್ರಿಲ್‌ನ ಭೂಕಂಪದ ಬಳಿಕ ನೇಪಾಳ ಸರಕಾರ ಮಾಡಿದ ತುರ್ತು ಕೆಲಸಗಳಲ್ಲಿ ಒಂದು, ಅನುಮತಿಯಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಹೊರಗೆ ಸಾಗಿಸುವುದನ್ನು ನಿಷೇಧಿಸಿದ್ದು. ಕುಸಿದ ಮನೆಯ ಬಳಿಗೆ ಪರಿಹಾರಕ್ಕಿಂತ ಮೊದಲು ದಲ್ಲಾಳಿ ತಲುಪುತ್ತಾನೆಂದು ಅದಕ್ಕೆ ಗೊತ್ತಿತ್ತು.

ಇಲ್ಲಿ ಒಂದು ಪ್ರಶ್ನೆಯನ್ನು ಕೇಳದೆ ಮುಂದೆ ಹೋಗಲಾಗದು. ಆಸ್ಟ್ರೇಲಿಯದಲ್ಲಿ ಮಕ್ಕಳ ನಡುವೆ ಕೆಲಸ ಮಾಡಬೇಕಾದರೆ ಆ ವ್ಯಕ್ತಿಯ ಪೂರ್ವಾಪರಗಳನ್ನು ಪರಿಶೀಲಿಸಿ ಸರಕಾರ ಪ್ರಮಾಣಪತ್ರ ಕೊಡಬೇಕು. ಶಿಕ್ಷಕ ತರಬೇತಿಯಿಲ್ಲದ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಸಿಡ್ನಿಯ ಶಾಲೆಯೊಂದಕ್ಕೆ ಹೋಗಿ, ನಾನು ಹತ್ತು ದಿನ ಪಾಠ ಮಾಡುತ್ತೇನೆ, ರಾತ್ರಿ ಮಕ್ಕಳ ಜೊತೆಗೇ ಮಲಗುತ್ತೇನೆ ಎಂದರೆ ಪೊಲೀಸರು ಬರುತ್ತಾರೆ. ಅದೇ ಹುಡುಗ ಕಾಂಬೋಡಿಯಕ್ಕೆ ಹೋಗಿ ಹಾಗೆಂದರೆ ಹೂಮಾಲೆ ಬರುತ್ತಿತ್ತು. ಶ್ರೀಮಂತ ದೇಶದ ಮಗುವಿಗಿರುವ ರಕ್ಷಣೆ ಬಡ ದೇಶದ ಮಗುವಿಗೆ ಅನಗತ್ಯವೆಂದು ತೀರ್ಮಾನಿಸಿದವರು ಯಾರು? ಈ ಸಡಿಲಿಕೆಯನ್ನು ಒಳ್ಳೆಯ ಹುಡುಗರು ಮಾತ್ರ ಬಳಸಿಕೊಳ್ಳಲಿಲ್ಲ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗುವವರೂ ಸ್ವಯಂಸೇವಕರ ವೇಷದಲ್ಲಿ ಬಂದರು.

ಆಸ್ಟ್ರೇಲಿಯ ತಡವಾಗಿಯಾದರೂ ಎಚ್ಚೆತ್ತಿತು ಎನ್ನಬೇಕು. ಅದಕ್ಕೆ ಅಲ್ಲಿನ ತಾರಾ ವಿಂಕ್ಲರ್ ಎಂಬ ಯುವತಿಯಂಥವರ ತಪ್ಪೊಪ್ಪಿಗೆಯೂ ಕಾರಣ. ಕಾಂಬೋಡಿಯದ ಬಟ್ಟಂಬಾಂಗ್‌ನಲ್ಲಿ ಒಂದು ಭ್ರಷ್ಟ ಅನಾಥಾಲಯದಿಂದ ಮಕ್ಕಳನ್ನು ಬಿಡಿಸಿದ ಆಕೆ 2007ರಲ್ಲಿ ತಾನೇ ಒಂದು ಒಳ್ಳೆಯ ಅನಾಥಾಲಯವನ್ನು ತೆರೆದರು. ಮಕ್ಕಳ ಭಾಷೆಯನ್ನು ಕಲಿತ ಮೇಲಷ್ಟೇ ಆಕೆಗೆ ತಿಳಿದದ್ದು, ಅವರಲ್ಲಿ ಹೆಚ್ಚಿನವರಿಗೆ ಮನೆಯಿದೆ, ಹೆತ್ತವರಿದ್ದಾರೆ ಎಂದು. ಆಕೆ ತನ್ನ ಸಂಸ್ಥೆಯನ್ನು ಕುಟುಂಬಗಳಿಗೆ ನೆರವಾಗುವ ಸಂಸ್ಥೆಯನ್ನಾಗಿ ಬದಲಿಸಿದರು, ಅನಾಥಾಲಯಗಳ ವಿರುದ್ಧ ಬಹಿರಂಗವಾಗಿ ಮಾತಾಡತೊಡಗಿದರು. ತಾನು ಕಟ್ಟಿದ ಕಟ್ಟಡವೇ ತಪ್ಪೆಂದು ದಾನಿಗಳ ಮುಂದೆ ನಿಂತು ಹೇಳುವುದು ಸುಲಭವಲ್ಲ. ನಮ್ಮ ನಡುವಿನ ಎಷ್ಟು ಸಂಸ್ಥೆಗಳ ಅಧ್ಯಕ್ಷರಿಗೆ ಆ ಧೈರ್ಯವಿದೆಯೋ! 2018ರಲ್ಲಿ ಆಸ್ಟ್ರೇಲಿಯದ ಸಂಸತ್ತು ಆಧುನಿಕ ಗುಲಾಮಗಿರಿಯ ಕುರಿತು ಕಾನೂನು ಮಾಡಿದಾಗ ಅನಾಥಾಲಯಗಳಿಗೆ ಮಕ್ಕಳ ಸಾಗಾಟವೂ ಆ ಚರ್ಚೆಯ ಭಾಗವಾಗಿತ್ತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ತನ್ನ ನಿರ್ಣಯದಲ್ಲಿ ಅನಾಥಾಲಯಗಳಲ್ಲಿನ ಸ್ವಯಂಸೇವಾ ಪ್ರವಾಸದ ಹಾನಿಯನ್ನು ಹೆಸರಿಸಿತು.

ಕಳ್ಳತನ, ಸಾಗಾಟಗಳ ಮಾತು ಒತ್ತಟ್ಟಿಗಿರಲಿ. ಎಲ್ಲವೂ ಪ್ರಾಮಾಣಿಕವಾಗಿ ನಡೆಯುವ ಒಂದು ಅನಾಥಾಲಯವನ್ನೇ ಊಹಿಸಿಕೊಳ್ಳೋಣ. ಅಲ್ಲಿಗೆ ಹೋದವರೆಲ್ಲ ಹೇಳುವ ಮಾತೊಂದಿದೆ: ಗೇಟಿನೊಳಗೆ ಕಾಲಿಟ್ಟ ಕೂಡಲೇ ಮಕ್ಕಳು ಓಡಿಬಂದು ತಬ್ಬಿಕೊಂಡರು, ಎಷ್ಟು ಪ್ರೀತಿ! ನಮ್ಮ ಮನೆಯ ಮೂರು ವರ್ಷದ ಮಗು ಅಪರಿಚಿತರು ಬಂದಾಗ ಏನು ಮಾಡುತ್ತದೆ? ತಾಯಿಯ ಸೆರಗಿನ ಹಿಂದೆ ಅಡಗುತ್ತದೆ. ಅದು ಆರೋಗ್ಯದ ಲಕ್ಷಣ. ಯಾರು ಬಂದರೂ ತಬ್ಬಿಕೊಳ್ಳುವ ಮಗು, ತನ್ನವರೆಂದು ಯಾರೂ ಇಲ್ಲದ ಮಗು. ರೊಮೇನಿಯದಲ್ಲಿ 1989ರಲ್ಲಿ ಚೌಶೆಸ್ಕು ಆಡಳಿತ ಕುಸಿದಾಗ ಜಗತ್ತಿನ ಕಣ್ಣಿಗೆ ಬಿದ್ದ ಅನಾಥಾಲಯಗಳ ಮಕ್ಕಳಲ್ಲಿ ತಜ್ಞರು ಇದನ್ನೇ ಕಂಡರು. 2000ದಲ್ಲಿ ಬುಕಾರೆಸ್ಟ್‌ನಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ 136 ಪುಟ್ಟ ಮಕ್ಕಳ ಪೈಕಿ ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕೊಟ್ಟು, ವರ್ಷಾನುಗಟ್ಟಲೆ ಗಮನಿಸಲಾಯಿತು. ಮನೆ ಸಿಕ್ಕಿದ ಮಕ್ಕಳು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಮನೆ ಸಿಕ್ಕಿದವರು, ಬುದ್ಧಿಯಲ್ಲೂ ನಂಟಿನಲ್ಲೂ ಉಳಿದವರಿಗಿಂತ ಮುಂದೆ ಬಂದರು. ಹೀಗಿರುವಾಗ ಹತ್ತು ದಿನಕ್ಕೊಬ್ಬ ಹೊಸ ಅಣ್ಣ, ಹೊಸ ಅಕ್ಕ ಬಂದು, ಹಚ್ಚಿಕೊಂಡು, ಹೊರಟುಹೋಗುವುದು ಆ ಮಗುವಿಗೆ ಏನನ್ನು ಕಲಿಸುತ್ತದೆ? ಹಚ್ಚಿಕೊಂಡವರು ಹೋಗಿಬಿಡುತ್ತಾರೆ ಎಂಬುದನ್ನು. ಅದನ್ನು ಅದು ಹುಟ್ಟಿನಿಂದಲೇ ಕಲಿತಿತ್ತು.

ಹಾಗಾದರೆ ಹೊರಗಿನವರು ಹಿಂದುಳಿದ ಮಕ್ಕಳ ಬದುಕಿನಲ್ಲಿ ಕಾಲಿಡಲೇಬಾರದೇ? ಹಾಗೆಂದರೆ ಅತಿರೇಕವಾದೀತು. 1904ರಲ್ಲಿ ನ್ಯೂಯಾರ್ಕಿನ ಮಕ್ಕಳ ನ್ಯಾಯಾಲಯದ ಗುಮಾಸ್ತ ಅರ್ನೆಸ್ಟ್ ಕೂಲ್ಟರ್, ಪದೇ ಪದೇ ಕಟಕಟೆಗೆ ಬರುವ ಹುಡುಗರಿಗೆ ಒಬ್ಬೊಬ್ಬ 'ಅಣ್ಣ'ನನ್ನು ಗೊತ್ತುಮಾಡಬೇಕೆಂದು ಪಟ್ಟಣದ ಸಭ್ಯಸ್ಥರನ್ನು ಕೇಳಿಕೊಂಡರು. ಅದು ಬೆಳೆದು ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಎಂಬ ದೊಡ್ಡ ಸಂಸ್ಥೆಯಾಯಿತು. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅದರ 959 ಮಕ್ಕಳನ್ನು ಪರೀಕ್ಷಿಸಿತು. ಹಿರಿಯನ ಒಡನಾಟ ಸಿಕ್ಕಿದ ಮಕ್ಕಳು ಮಾದಕ ವಸ್ತುವಿಗೆ ಕೈಹಾಕುವ ಸಾಧ್ಯತೆ ಕಾಯುವ ಪಟ್ಟಿಯಲ್ಲಿದ್ದವರಿಗಿಂತ ನೂರಕ್ಕೆ 46ರಷ್ಟು ಕಡಿಮೆಯಿತ್ತು. ಸಂಸ್ಥೆಗಳು ಈ ಅಂಕಿಯನ್ನು ಹೆಮ್ಮೆಯಿಂದ ಹೇಳುತ್ತವೆ. ಆದರೆ 2002ರಲ್ಲಿ ಅದೇ ಮಕ್ಕಳ ಮಾಹಿತಿಯನ್ನು ಮತ್ತೊಮ್ಮೆ ಜಾಲಾಡಿದಾಗ ಸಿಕ್ಕ ಉತ್ತರವನ್ನು ಅಷ್ಟಾಗಿ ಹೇಳುವುದಿಲ್ಲ. ಒಡನಾಟ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಬಾಳಿದಲ್ಲಿ ಲಾಭ ಅತಿ ಹೆಚ್ಚು. ಮೂರು ತಿಂಗಳೊಳಗೆ ಮುರಿದುಬಿದ್ದಲ್ಲಿ ಮಗುವಿನ ಆತ್ಮಗೌರವ ಮೊದಲಿಗಿಂತಲೂ ಕುಸಿದಿತ್ತು! ಅಂದರೆ, ಅರ್ಧದಲ್ಲಿ ಬಿಟ್ಟುಹೋಗುವ ಅಣ್ಣನಿಗಿಂತ ಅಣ್ಣನಿಲ್ಲದಿರುವುದೇ ವಾಸಿ.

ಬ್ರಿಟನ್ನಿನ ಮುಸ್ಲಿಮರ ನಡುವೆಯೂ ಈ ಬಗೆಯ ಒಂದು ಯತ್ನ ನಡೆದಿದೆ. ಅಂದಿನ ರಾಜಕುಮಾರ, ಇಂದಿನ ದೊರೆ ಚಾರ್ಲ್ಸ್ 2007ರಲ್ಲಿ ಹುಟ್ಟುಹಾಕಿದ ಮೊಸಾಯಿಕ್ ಎಂಬ ಸಂಘಟನೆ, ಓದಿ ನೌಕರಿ ಹಿಡಿದ ಮುಸ್ಲಿಮರನ್ನು ಬಡ ಕೇರಿಗಳ ಶಾಲೆಗಳಿಗೂ ಜೈಲಿನಿಂದ ಬಿಡುಗಡೆಯಾಗಲಿರುವ ಯುವಕರ ಬಳಿಗೂ ಕಳುಹಿಸಿತು. ಅದರ ಅಗತ್ಯವೇನೆಂದು ಕೇಳುವವರು 2017ರ ಲ್ಯಾಮಿ ವರದಿಯನ್ನು ನೋಡಬಹುದು. ಅದರ ಹಿಂದಿನ ಹತ್ತು ವರ್ಷಗಳಲ್ಲಿ ಮುಸ್ಲಿಮ್ ಕೈದಿಗಳ ಸಂಖ್ಯೆ ಸುಮಾರು 8,900ರಿಂದ 13,200ಕ್ಕೆ ಏರಿತ್ತು. ಆ ಸ್ವಯಂಸೇವಕರಿಗೆ ಒಂದು ಅನುಕೂಲವಿತ್ತು. ಅವರು ಅದೇ ದೇಶದಲ್ಲಿ ಬದುಕುವವರು, ಮುಂದಿನ ವಾರ ಮತ್ತೆ ಬರಬಲ್ಲವರು.

ಇನ್ನು ನಮ್ಮ ಸಮುದಾಯದ ಮಾತು. ಅನಾಥರೆಂದರೆ ನಮಗೆ ಕರುಳು ಮಿಡಿಯುತ್ತದೆ, ಪ್ರವಾದಿಯವರು(ಸ) ಸ್ವತಃ ಯತೀಮ್ ಆಗಿದ್ದರು. ಆದರೆ ಅವರು ಬೆಳೆದದ್ದು ಎಲ್ಲಿ? ತಾಯಿ ಆಮಿನಾರ ಬಳಿ, ಆಕೆ ತೀರಿಕೊಂಡ ಮೇಲೆ ಅಜ್ಜ ಅಬ್ದುಲ್ ಮುತ್ತಲಿಬ್‌ರ ಬಳಿ, ಅನಂತರ ದೊಡ್ಡಪ್ಪ ಅಬೂತಾಲಿಬ್‌ರ ಮನೆಯಲ್ಲಿ. ಅಷ್ಟಕ್ಕೂ ಯತೀಮ್ ಎಂಬ ಪದದ ಅರ್ಥವೇ ತಂದೆಯಿಲ್ಲದ ಮಗು ಎಂದು. ತಾಯಿ ಇದ್ದರೂ ಅದು ಯತೀಮೇ. ಆದ್ದರಿಂದ ತಾಯಿ ಇರುವ ಮಗು ಅನಾಥನಲ್ಲ ಎಂಬ ಮಾತು ನಮಗೆ ಪೂರ್ತಿ ಒಪ್ಪಿಗೆಯಾಗದು. ಆದರೆ ಆ ಪದವೇ ನಮ್ಮನ್ನು ಇನ್ನೊಂದು ಪ್ರಶ್ನೆಗೆ ಒಯ್ಯುತ್ತದೆ. ಯತೀಮ್‌ನ ಮನೆಯಲ್ಲಿ ತಾಯಿ ಇರುತ್ತಾಳೆಂದು ಗೊತ್ತಿದ್ದೂ ನಾವೇಕೆ ಮಗುವನ್ನು ಕಟ್ಟಡಕ್ಕೆ ಕರೆತಂದು ತಾಯಿಯನ್ನು ಹಳ್ಳಿಯಲ್ಲೇ ಬಿಡುತ್ತೇವೆ? ಇಸ್ಲಾಮಿಕ್ ರಿಲೀಫ್‌ನಂತಹ ಸಂಸ್ಥೆಗಳು ಮಗು ಮನೆಯಲ್ಲೇ ಉಳಿಯುವಂತೆ ಕುಟುಂಬಕ್ಕೆ ಹಣ ಮುಟ್ಟಿಸುವ ಪ್ರಾಯೋಜನೆಯನ್ನು ದಶಕಗಳಿಂದ ನಡೆಸುತ್ತಿವೆ. ಅದರಲ್ಲಿ ಉದ್ಘಾಟನೆಗೆ ಕಟ್ಟಡವಿಲ್ಲ, ಶಿಲಾಫಲಕವಿಲ್ಲ, ರಮಝಾನ್‌ನಲ್ಲಿ ಹೋಗಿ ಫೋಟೋ ತೆಗೆಸಿಕೊಳ್ಳಲು ಸಾಲಾಗಿ ನಿಂತ ಮಕ್ಕಳಿಲ್ಲ.

ಅನಾಥಾಲಯಗಳನ್ನೆಲ್ಲ ನಾಳೆಯೇ ಮುಚ್ಚಿದರೆ ಮಕ್ಕಳು ಬೀದಿಗೆ ಬೀಳುತ್ತಾರೆಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಕಾಂಬೋಡಿಯ ಸರಕಾರವೂ ಒಮ್ಮೆಲೇ ಮುಚ್ಚಲಿಲ್ಲ. ಲೆಕ್ಕ ಹಾಕಿಸಿ, 406 ಸಂಸ್ಥೆಗಳಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಮಕ್ಕಳಿರುವುದನ್ನು ಕಂಡುಕೊಂಡು, ಮೊದಲು ಐದು ಪ್ರಾಂತಗಳಲ್ಲಿ ನೂರಕ್ಕೆ 30ರಷ್ಟು ಮಕ್ಕಳನ್ನು 2018ರೊಳಗೆ ಮನೆಗೆ ತಲುಪಿಸುವ ಗುರಿ ಇಟ್ಟುಕೊಂಡಿತು. ನಿಜಕ್ಕೂ ಯಾರೂ ಇಲ್ಲದ ಮಕ್ಕಳಿರುತ್ತಾರೆ, ಮನೆಯೇ ನರಕವಾದ ಮಕ್ಕಳೂ ಇರುತ್ತಾರೆ. ಅವರಿಗೆ ಆಸರೆ ಬೇಕು. ಆದರೆ ಅವರು ಎಷ್ಟು ಮಂದಿಯೆಂದು ಎಣಿಸಿ ನೋಡಿದವರು ಎಷ್ಟು ಜನ?

ಕೆಲವು ವರ್ಷಗಳ ಹಿಂದೆ ಗಲ್ಫ್‌ನಿಂದ ರಜೆಯಲ್ಲಿ ಬಂದಿದ್ದ ಬಂಧುವೊಬ್ಬರ ಜೊತೆ ನಾವು ಒಂದು ಯತೀಮ್‌ಖಾನಾಕ್ಕೆ ಹೋಗಿದ್ದೆವು. ಮಗನ ಹುಟ್ಟುಹಬ್ಬ, ಬಿರಿಯಾನಿ ಪೊಟ್ಟಣಗಳು, ಒಂದು ಕೇಕ್. ಕೆಮರಾ ಹೊರಬಂದ ಕೂಡಲೇ ಮಕ್ಕಳು ಯಾರೂ ಹೇಳದೆಯೇ ಕುಳ್ಳಗಿನವರು ಮುಂದೆ, ಎತ್ತರದವರು ಹಿಂದೆ ಎಂದು ನಿಂತುಕೊಂಡರು. ಅಷ್ಟು ಅಭ್ಯಾಸವಾಗಿತ್ತು. ಊಟವಾದ ಮೇಲೆ ವ್ಯವಸ್ಥಾಪಕರಲ್ಲಿ, ಇವರಲ್ಲಿ ಎಷ್ಟು ಮಕ್ಕಳಿಗೆ ತಾಯಿ ಇದ್ದಾರೆ ಎಂದು ಕೇಳಿದೆವು. ಹೆಚ್ಚಿನವರಿಗೂ ಇದ್ದಾರೆ ಎಂದರು. ಒಂದು ಮಗುವಿಗೆ ತಿಂಗಳಿಗೆ ಎಷ್ಟು ಖರ್ಚಾಗುತ್ತದೆ ಎಂದು ಕೇಳಿದೆವು. ಅದನ್ನೂ ಮರೆಮಾಚದೆ ಹೇಳಿದರು. ಆ ಹಣವನ್ನು ತಾಯಿಗೇ ಕೊಟ್ಟರೆ ಮಗುವನ್ನು ಮನೆಯಲ್ಲಿಟ್ಟುಕೊಳ್ಳುತ್ತಾಳೆಯೇ ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇಟ್ಟುಕೊಳ್ಳದೆ ಏನು, ಆದರೆ ಮನೆಯಲ್ಲಿರುವ ಮಗುವಿಗೆ ಯಾರು ದಾನ ಕೊಡುತ್ತಾರೆ ಸಾಹೇಬರೇ, ಎಂದರು.