ಹಂದಿ ಕಾವಲಿಗೆ ರೈಫಲ್ ಬೇಡ

ಭತ್ತ ಹಾಲು ತುಂಬೋ ಹೊತ್ತಿಗೆ ಹಂದಿ ಕಾಟ ಶುರು. ಕೋವಿ ಲೈಸೆನ್ಸಿಗೆ ಅರ್ಜಿ ಹಾಕೋ ಕೆಲವರು "ರೈಫಲ್ಲೇ ಸಿಕ್ಕಿದ್ರೆ ಒಳ್ಳೇದಲ್ವ?" ಅಂತಾರೆ. ನನ್ನ ಪ್ರಕಾರ ಬೇಡ.

ಪಾಯಿಂಟ್ 22 ರೈಫಲ್ಲಿನ ಗುಂಡು ಹಂದಿಗೆ ಸಾಲದು, ಬರೀ ಗಾಯ ಮಾಡುತ್ತೆ. ಗುರಿ ತಪ್ಪಿದರೆ ಮಾತ್ರ ಒಂದು ಕಿಲೋಮೀಟರ್ ದಾಟಿ ಹೋಗಬಹುದು. ದೊಡ್ಡ ರೈಫಲ್ಲಿನದು ಇನ್ನೂ ದೂರ. ನಮ್ಮವು ಎರಡೆಕರೆ, ಮೂರೆಕರೆ ಗದ್ದೆಗಳು. ಆಚೆ ಅಂಚಿನಲ್ಲಿ ಇನ್ನೊಬ್ಬರು ಕಾವಲು ಕೂತಿರ್ತಾರೆ, ಅದರಾಚೆ ಮನೆ.

ನಮಗೆ ಒಂಟಿ ನಳಿಗೆಯ 12 ಬೋರ್ ತೋಟಾ ಕೋವಿ ಸಾಕು. ಅದರ ಹೊಡೆತ 30-40 ಗಜದ್ದು. ಚರೆ ರೈಫಲ್ ಗುಂಡಿನಷ್ಟು ದೂರ ಹೋಗಲ್ಲ. ಹಂದಿಗಾದರೆ ಎಲ್.ಜಿ. ಈಡೇ ಬೇಕು. ಹಕ್ಕಿಗೆ ಹಾಕೋ ಸಣ್ಣ ಚರೆ ಹೊಡೆದರೆ ಹಂದಿ ಸಾಯಲ್ಲ. ಗಾಯದ ಹಂದಿ ಬೆಳಿಗ್ಗೆ ಹುಲ್ಲು ಕೊಯ್ಯೋಕೆ ಹೋದವರ ಮೇಲೆ ಬೀಳುತ್ತೆ.

ಕೇಪಿನ ಕೋವೀನ ಹಳೇದು ಅಂತ ತಳ್ಳಿಹಾಕಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ರಕ್ಷಣೆಗೆ ಅಂತ ಹೇಳಿರೋದೇ ಈ ಮದ್ದು ತುಂಬೋ ಕೋವಿಯನ್ನ. ಚರೆ ಹಾಕದೆ ಬರೀ ಮದ್ದಿನ ಸದ್ದು ಮಾಡಿದರೂ ಎಷ್ಟೋ ರಾತ್ರಿ ಹಂದಿ ಓಡುತ್ತೆ.

ಇನ್ನೊಂದು ಮಾತು. ಕೋವಿ ಲೈಸೆನ್ಸ್ ಅಂದ್ರೆ ಹಂದಿ ಹೊಡೆಯೋ ಪರವಾನಗಿ ಅಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು. ಮಂಗನ ಕಡೆಗಂತೂ ಕೋವಿ ಎತ್ತಲೇಬೇಡಿ, 2022ರ ತಿದ್ದುಪಡಿಯಲ್ಲಿ ನಮ್ಮ ಕಡೆ ಮಂಗ ಒಂದನೇ ಪಟ್ಟಿಗೆ ಸೇರಿದೆ.

ಯಾವ ಕೋವಿಯೇ ಆಗಲಿ, ಬ್ಯಾಟರಿ ಬೆಳಕಿಗೆ ಹೊಳೆದ ಕಣ್ಣು ನೋಡಿ ಈಡು ಹಾರಿಸಬೇಡಿ. ಪೂರ್ತಿ ಮೈ ಕಾಣಬೇಕು, ಅದರ ಹಿಂದೆ ಏನಿದೆ ಅನ್ನೋದೂ ಕಾಣಬೇಕು. ಭತ್ತ ಮುಂದಿನ ವರ್ಷ ಮತ್ತೆ ಬೆಳೀಬಹುದು ಮಾರಾಯ್ರೆ.